ತಲೆ ಬಗ್ಗಿಸುವ ರುಮಿಯಾತಿ
ಕಡಲತೀರದ ಸೆಮರಾಂಗ್ ನಗರದ ನಮ್ಮ ಕಾರ್ಟೂನ್ ಸ್ಟುಡಿಯೋದಲ್ಲಿ ಯಾವುದಕ್ಕೆ ಯಾವ ಬಣ್ಣ, ಯಾವ ಆಕಾರ ಎಂದು ತೀರ್ಮಾನಿಸುವವಳು ರುಮಿಯಾತಿ. ಏರುತ್ತಿರುವ ಕಡಲಿನ ಬಗ್ಗೆ ಮಕ್ಕಳಿಗೊಂದು ಕಾರ್ಟೂನ್ ಮಾಡಲು ಹೊರಟಾಗಿನಿಂದ ಅವಳ ಕಾಟ ಹೇಳತೀರದು. ನಾವು ಬಳಿದ ನೀಲಿಯನ್ನೆಲ್ಲ "ಇದು ಹೋಟೆಲಿನ ಈಜುಕೊಳ ಕಣ್ರೋ, ಸಮುದ್ರ ಅಲ್ಲ" ಎಂದು ಅಳಿಸಿಹಾಕುತ್ತಾಳೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ತಂದ ಚಹಾವನ್ನು ಕಂಪ್ಯೂಟರ್ ಪರದೆಗೆ ಹಿಡಿದು "ಈ ಬಣ್ಣ ಹಾಕಿ" ಎನ್ನುತ್ತಾಳೆ. ನನ್ನ ಭುಜಕ್ಕೂ ಬಾರದ ಈ ಹೆಂಗಸು ಎಷ್ಟೇ ಎತ್ತರದ ಬಾಗಿಲಿರಲಿ, ತಲೆ ಬಗ್ಗಿಸಿಯೇ ದಾಟುತ್ತಾಳೆ. "ಏನಕ್ಕಾ, ಕಿರೀಟ ತಾಗುತ್ತಾ?" ಎಂದು ಛೇಡಿಸಿದರೆ, "ಹೂಂ, ನಿಮ್ಮಂಥ ಪ್ರಜೆಗಳಿಗೆ ಅದು ಕಾಣಲ್ಲ" ಎಂದು ನಗುತ್ತಾಳೆ. ಅವಳು ಬರೆದ ಮನೆಗಳ ಬಾಗಿಲುಗಳೂ ಗಿಡ್ಡ. ನಿರ್ದೇಶಕ ಹಾರ್ಜೊನೊ ಒಮ್ಮೆ ರೇಗಿದ: "ಇದೇನು ಮನೇನಾ, ಕೋಳಿಗೂಡಾ?" ಅವಳು ಮೆಲ್ಲಗೆ ಹೇಳಿದಳು: "ವರ್ಷಾ ವರ್ಷಾ ಸಮುದ್ರದ ನೀರು ಒಳಗೆ ಬರತ್ತೆ, ಮಣ್ಣು ತುಂಬಿ ನೆಲ ಎತ್ತರಿಸ್ತೀವಿ. ಸೂರು ಮೇಲೇರತ್ತಾ? ನಮ್ಮೂರಲ್ಲಿ ಬಾಗಿಲು ಹಿಂಗೇ ಇರೋದು ಸಾರ್." ಆ ಊರು ಪೂರ್ತಿ ಮುಳುಗಿಹೋಗಿದೆಯೆಂದು ನಮ್ಮಲ್ಲಿ ಯಾರೂ ಅವಳಿಗೆ ನೆನಪಿಸಲಿಲ್ಲ. ಕೊನೆಗೆ, ಕಾರ್ಟೂನಿನ ಹೆಸರಿನ ಪಕ್ಕದಲ್ಲಿರಲಿ ಎಂದು ಅವಳು ತಂದಿಟ್ಟ ಚಿತ್ರದಲ್ಲಿ ಮಾತ್ರ ಎತ್ತರದ ಬಾಗಿಲಿತ್ತು, ಹೊಸ್ತಿಲಲ್ಲಿ ಒಬ್ಬ ಗಂಡಸು ನೆಟ್ಟಗೆ ನಿಂತಿದ್ದ. "ನಮ್ಮಪ್ಪ" ಎಂದಳು. "ಬಾಗಿಲಲ್ಲಿ ಹಿಂಗೆ ನಿಂತಿದ್ದನ್ನ ನಾನು ನೋಡಿದ್ದೇ ಇಲ್ಲ." ಹಾರ್ಜೊನೊ ಒಂದು ಗೆರೆಯನ್ನೂ ತಿದ್ದಲಿಲ್ಲ. ರುಮಿಯಾತಿ ಚಹಾದ ಚೀಲ ಎತ್ತಿಕೊಂಡು, ಸ್ಟುಡಿಯೋದ ಎರಡಾಳೆತ್ತರದ ಗಾಜಿನ ಬಾಗಿಲಲ್ಲಿ ತಲೆ ಬಗ್ಗಿಸಿ ಹೊರಗೆ ಹೋದಳು.