ಗುಳಿಗೆ ಕೊಡದ ಡಾಕ್ಟರು

ಎಪ್ಪತ್ತರ ದಶಕದ ಕೊನೆಯಲ್ಲಿ ಮೈಸೂರಿನಿಂದ ದಬ್ಬೇಘಟ್ಟದ ಶಾಲೆಗೆ ವರ್ಗವಾಗಿ ಬಂದ ತಿಂಗಳಲ್ಲೇ ನನಗೆ ಊಟ ಸೇರದೆ, ನಿದ್ದೆ ಹತ್ತದೆ, ಎದೆ ಡವಡವ ಎನ್ನತೊಡಗಿತು. ಹೃದ್ರೋಗವೆಂದು ನಾನೇ ತೀರ್ಮಾನಿಸಿ, ನನ್ನ ಶ್ರದ್ಧಾಂಜಲಿ ಸಭೆಯಲ್ಲಿ ಯಾರು ಏನು ಮಾತಾಡಬಹುದೆಂದು ಯೋಚಿಸುತ್ತಾ ಊರಿನ ಡಾಕ್ಟರ ಬಳಿ ಹೋದೆ.

ಅವರು ಎದೆ ಪರೀಕ್ಷಿಸಿ, ಕನ್ನಡಕ ಒರೆಸುತ್ತಾ ಕೂತರು. ನಾನು ಇಲ್ಲಿಯ ನೀರು, ಬಸ್ಸು, ಹೆಡ್‌ಮಾಸ್ಟರು ಎಲ್ಲವನ್ನೂ ಬೈದೆ. ನಿಲ್ಲಿಸಿದಾಗಲೆಲ್ಲ "ಆಮೇಲೆ?" ಎನ್ನುತ್ತಿದ್ದರು.

ಕೊನೆಗೆ ಗುಳಿಗೆ ಕೇಳಿದೆ.

"ಗುಳಿಗೆ ಬ್ಯಾಡ ಕಣ್ರೀ ಮೇಷ್ಟ್ರೇ. ಊರು ಇನ್ನೂ ಒಗ್ಗಿಲ್ಲ, ಅಷ್ಟೇಯ. ವಾರಕ್ಕೊಂದ್ಸಲ ಬಂದು ಮಾತಾಡಿ ಹೋಗಿ. ನಿಮ್ಮ ಬಾಡಿಗೆ ಮನೆ ಅಟ್ಟದಲ್ಲಿ ಓನರು ಕೊಬ್ಬರಿಗೆ ಅಂತ ಹಾಕಿರೋ ತೆಂಗಿನಕಾಯಿ ಒಂದನ್ನ ಅಲ್ಲಾಡಿಸಿ ನೋಡ್ತಾ ಇರಿ. ಒಳಗಿನ ನೀರು ಇಂಗಿ ಕೊಬ್ಬರಿ ಆಗೋಕೆ ವರ್ಷ ಹಿಡೀತದೆ. ನಿಮಗೆ ಅಷ್ಟು ಬೇಕಾಗಾಕಿಲ್ಲ."

ನಾನು ದಿನಕ್ಕೆ ಮೂರು ಸಲ, ಊಟಕ್ಕೆ ಮುಂಚೆ, ಔಷಧಿಯಂತೆ ಕಾಯಿ ಅಲ್ಲಾಡಿಸಿದೆ. ವಾರವಾರ ಹೋಗಿ ಬೈದೆ. ಬೈಗುಳ ಯಾವಾಗ ಹರಟೆಯಾಯಿತೋ ತಿಳಿಯಲಿಲ್ಲ.

ಕಾಯಿ ಒಣಗಿ ಗಡಗಡ ಎನ್ನುವ ಹೊತ್ತಿಗೆ, ಬಂದ ಹೊಸದರಲ್ಲಿ ನಾನೇ ಗೋಗರೆದು ಕೇಳಿದ್ದ ಮೈಸೂರಿನ ವರ್ಗಾವಣೆ ಬಂತು. ಅಂದೇ ಊಟ ಸೇರಲಿಲ್ಲ, ಎದೆ ಡವಡವ. ಆರ್ಡರನ್ನು ಡಾಕ್ಟರ ಮುಂದಿಟ್ಟೆ. ಅವರು ಓದಿ, ಕನ್ನಡಕ ತೆಗೆದು, ಬಹಳ ಹೊತ್ತು ಒರೆಸಿದರು.

ಈ ಸಲ ನಾನೇ ಕೇಳಬೇಕಾಯಿತು: "ಆಮೇಲೆ?"