ಎಣಿಕೆ ಕಡ್ಡಾಯವಲ್ಲ

ಮಾನ್ಯ ಓದುಗರಲ್ಲಿ ಸವಿನಯ ಅರಿಕೆ. ನಾನು ಈವರೆಗೆ ಕಚೇರಿಗಳಿಗೆ ಅರ್ಜಿ ಬರೆದಿರುವೆನೇ ಹೊರತು ಒಬ್ಬ ವ್ಯಕ್ತಿಯ ಕುರಿತು ಬರೆದವಳಲ್ಲ. ನನ್ನ ಅಕ್ಷರ ಸೊಟ್ಟಗಿದೆ. ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ ಸದಾ ಅನುಮಾನ. ಅದಕ್ಕಾಗಿ ಮೊದಲೇ ಕ್ಷಮೆ ಕೋರಿ, ನಮ್ಮ ಮೇಡಂ ಅವರ ಎಡಗೈಯಿಂದ ಆರಂಭಿಸಲು ಅನುಮತಿ ಬೇಡುತ್ತೇನೆ.

ಆ ಕೈಯ ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮದಡಿಯಲ್ಲಿ ಹಗ್ಗದಂತೆ ಒಂದು ನರ ಉಬ್ಬಿತ್ತು. ಡಯಾಲಿಸಿಸ್ ಸೂಜಿ ಚುಚ್ಚುವುದಕ್ಕಾಗಿ ವೈದ್ಯರು ಜೋಡಿಸಿಕೊಟ್ಟ ನರ ಅದು. ಮೇಲೆ ಅಂಗೈ ಇಟ್ಟರೆ ಜೇನುಪೆಟ್ಟಿಗೆ ಮುಟ್ಟಿದ ಹಾಗೆ ಗುಂಯ್‌ಗುಡುತ್ತಿತ್ತು. ಕೆಲಸಕ್ಕೆ ಸೇರಿದ ದಿನ ನಾನು ಅದನ್ನೇ ನೋಡುತ್ತಿರುವುದನ್ನು ಕಂಡು ಅವರು ಕೈಯನ್ನು ಮೇಜಿನ ಮೇಲೆ ಚಾಚಿದರು.

"ಮುಟ್ಟಿ ನೋಡು ಮಾರಾಯ್ತಿ, ಕಚ್ಚಲ್ಲ. ಕರೆಂಟ್ ಹೋದ್ರೂ ಓಡೋ ಮೋಟರು ಇಡೀ ಕೊಪ್ಪದಲ್ಲಿ ಇದೊಂದೇ."

ನಮ್ಮ ಕೇಂದ್ರ ಕೊಪ್ಪ ಬಸ್ ನಿಲ್ದಾಣದ ಹತ್ತಿರದ ಒಂದು ಮಹಡಿಯ ಮೇಲಿದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಎಲ್ಲಾದರೂ ಆನೆ ಬಂದರೆ ಜನರು ನಮಗೆ ಫೋನ್ ಮಾಡುತ್ತಾರೆ. ನಾವು ವಿವರವನ್ನು ಕಂಪ್ಯೂಟರಿಗೆ ತುಂಬಿ ಕಳುಹಿಸಿದರೆ, ತೋಟದ ಗೇಟುಗಳಲ್ಲಿ ನಿಲ್ಲಿಸಿರುವ ಸೈರನ್ ಪೆಟ್ಟಿಗೆಗಳು ಅದನ್ನು ಗಟ್ಟಿಯಾಗಿ ಕೂಗಿ ಹೇಳುತ್ತವೆ. ಕಳುಹಿಸುವ ಸಂದೇಶ ಯಾವ ಆಕಾರದಲ್ಲಿರಬೇಕು, ಅದರೊಳಗೆ ಏನೇನಿರಬೇಕು ಎಂಬ ಕಟ್ಟುಪಾಡಿಗೆ ಎಕ್ಸ್‌ಎಂಎಲ್ ಸ್ಕೀಮಾ ಎಂದು ಹೆಸರು. ಕಟ್ಟುಪಾಡಿಗೆ ಹೊಂದದ ಸಂದೇಶವನ್ನು ಪೆಟ್ಟಿಗೆ ತಿರಸ್ಕರಿಸುತ್ತದೆ. ಆ ಸ್ಕೀಮಾವನ್ನು ರಚಿಸಿದವರು ಮೇಡಂ. ಮೊದಲು ಜಯಪುರದಲ್ಲಿ ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಿದ್ದವರು, ಕಿಡ್ನಿ ಕಾಯಿಲೆ ಬಂದ ಮೇಲೆ ಆಸ್ಪತ್ರೆಗೆ ಹತ್ತಿರವಾಗಲೆಂದು ಕೊಪ್ಪಕ್ಕೆ ಬಂದರು.

ನನಗೆ ಎಲಿಮೆಂಟ್ ಯಾವುದು, ಆಟ್ರಿಬ್ಯೂಟ್ ಯಾವುದು ಎಂಬುದು ತಿಳಿಯದೆ ಒಂದು ದಿನ ಕಣ್ಣಲ್ಲಿ ನೀರು ಬಂದಿತ್ತು. ಅವರು ತಮ್ಮ ಊಟದ ದೊಡ್ಡ ಡಬ್ಬಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು.

"ಇದು ಎಲಿಮೆಂಟು. ಇದರ ಒಳಗೆ ಸಣ್ಣ ಡಬ್ಬಿ, ಅದೂ ಎಲಿಮೆಂಟು. ಹೊರಗೆ ನಮ್ಮತ್ತೆ ಹೆಸರು ಕೊರ್ಸಿದಾರಲ್ಲ, ಅದು ಆಟ್ರಿಬ್ಯೂಟು. ಡಬ್ಬಿ ಒಳಗೆ ಡಬ್ಬಿ ಇಡ್ಬಹುದು. ಹೆಸರಿನ ಒಳಗೆ ಉಪ್ಪಿನಕಾಯಿ ಹಾಕಕ್ಕೆ ಬರ್ತದಾ?"

"ಇಲ್ಲ ಮೇಡಂ."

"ಅಷ್ಟೇ ಮತ್ತೆ. ಎಂತಕ್ಕೆ ಅಳ್ತಿ?"

ಆ ದಿನವೇ ಸ್ಕೀಮಾ ತಿದ್ದುವ ಎಡಿಟರ್ ತೆರೆದು ತೋರಿಸಿದರು. 'ಸಂದೇಶ' ಎಂಬ ದೊಡ್ಡ ಎಲಿಮೆಂಟಿನೊಳಗೆ 'ಸ್ಥಳ', 'ಸಮಯ', 'ಆನೆ', 'ವಿವರ' ಎಂಬ ಸಣ್ಣವು. 'ಆನೆ'ಗೆ 'ಎಣಿಕೆ' ಎಂಬ ಆಟ್ರಿಬ್ಯೂಟ್. ಅದರ ಪಕ್ಕದಲ್ಲಿ 'ರಿಕ್ವೈರ್ಡ್', ಅಂದರೆ ಕಡ್ಡಾಯ, ಎಂದು ಅವರೇ ಆರಿಸಿದ್ದರು. ಅರ್ಧಂಬರ್ಧ ಮಾಹಿತಿ ಅವರಿಗೆ ಆಗುತ್ತಿರಲಿಲ್ಲ. ಜನರು "ಆನೆ ಬಂದಿದಾವೆ" ಎಂದಷ್ಟೇ ಹೇಳಿ ಫೋನ್ ಇಟ್ಟರೆ, "ಎಷ್ಟು ಅಂತ ಹೇಳಕ್ಕೆ ಇವ್ರಿಗೆಂತ ದಾಡಿ!" ಎಂದು ಸಿಡುಕುತ್ತಿದ್ದರು. ಕುಡಿಯುವ ನೀರನ್ನೂ ಔಷಧಿ ಬಾಟಲಿಯ ಮುಚ್ಚಳದಲ್ಲಿ ಅಳೆದೇ ಕುಡಿಯಬೇಕಾದ ಕಾಯಿಲೆ ಅವರದು. ಆ ಅಳತೆಯೇ ಎಲ್ಲದಕ್ಕೂ ಬಂದಿತ್ತೋ ಏನೋ, ಹೇಳಲಾರೆ.

ಈಗ ನಾನು ಹೇಳಲೇಬೇಕಾದ ಸಂಗತಿಗೆ ಬರುತ್ತೇನೆ. ನನ್ನ ತಾಯಿ ಬಾಳೆಹೊನ್ನೂರು ಕಡೆಯ ಒಂದು ಕಾಫಿ ತೋಟದಲ್ಲಿ ಹಣ್ಣು ಕೊಯ್ಯುವ ಕೆಲಸಕ್ಕೆ ಹೋಗುತ್ತಾರೆ. ಸಂಜೆ ಕೆಲಸ ಬಿಟ್ಟ ಮೇಲೆ ಹೆಂಗಸರೆಲ್ಲ ಗೇಟು ದಾಟಿ, ಕಾಡಂಚಿನ ರಸ್ತೆಯಲ್ಲಿ ನಡೆದು ಮನೆ ಸೇರಬೇಕು. ಅಂದು ಕೆಲಸ ಬಿಡುವ ಹೊತ್ತು ಹತ್ತಿರವಾಗಿರುವಾಗ, ಆ ರಸ್ತೆಯ ಪಕ್ಕದ ಗದ್ದೆ ಕಾಯುವ ಅಜ್ಜ ಫೋನ್ ಮಾಡಿದರು.

"ಕೂಸೇ, ರಸ್ತೆ ಮೇಲಿನ ಬಿದಿರು ಮುರೀತಾ ಇದಾವೆ. ಬೇಗ ಕೂಗ್ಸು."

"ಎಷ್ಟಿದಾವೆ ಅಜ್ಜ?"

"ಕಂಡಿಲ್ಲ. ಸದ್ದು ಮಾತ್ರ."

ನಾನು ಎಣಿಕೆಯನ್ನು ಖಾಲಿ ಬಿಟ್ಟು ಕಳುಹಿಸಿದೆ. ಸಂದೇಶ ತಿರಸ್ಕೃತವಾಯಿತು. "ಅಜ್ಜ, ಒಂದು ಅಂತ ಹಾಕ್ಲಾ?" ಎಂದು ಕೇಳಿದೆ.

"ಹಾಕ್ಬೇಡ ಮಾರಾಯ್ತಿ! ಒಂದು ಅಂದ್ರೆ, ಒಂದು ದಾಟಿದ ಕೂಡ್ಲೇ ಜನ ರಸ್ತೆಗಿಳೀತಾರೆ. ಹಿಂದೆ ಇನ್ನೊಂದಿದ್ರೆ? ಕಾಣದ್ದನ್ನ ನಾನು ಹೇಳಲ್ಲ."

ತೋಟದ ಒಳಗೆ ಯಾರ ಫೋನಿಗೂ ಸಿಗ್ನಲ್ ಇಲ್ಲ. ಅದಿರುವುದು ಗೇಟಿನ ದಿಬ್ಬದಲ್ಲಿ ಮಾತ್ರ. ಆದರೂ ಆಳುಗಳ ಲೆಕ್ಕ ಬರೆಯುವ ತೋಟದ ರೈಟರಿಗೆ ಮತ್ತೆ ಮತ್ತೆ ಫೋನ್ ಮಾಡಿದೆ, ಸಿಗಲಿಲ್ಲ. ಇತ್ತ ಕೇಂದ್ರದಲ್ಲಿ ಕರೆಂಟ್ ಹೋಗಿ ಯುಪಿಎಸ್ ಕಿರುಚತೊಡಗಿತ್ತು. ಮೇಡಂ ಆಗ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿದ್ದರು. ಬೇರೆ ದಾರಿ ಕಾಣದೆ ಅವರಿಗೇ ಫೋನ್ ಮಾಡಿ, ಅಳುತ್ತಲೇ ಎಲ್ಲವನ್ನೂ ಹೇಳಿದೆ.

ಮೇಡಂ, "ಎಡಿಟರ್ ತೆಗಿ. 'ಆನೆ' ಒತ್ತು. 'ಎಣಿಕೆ' ಸಿಕ್ತಾ? ಕಡ್ಡಾಯ ತೆಗ್ದು 'ಆಪ್ಷನಲ್' ಮಾಡು. ಉಳ್ಸು" ಎಂದರು.

ಹಾಗೆಯೇ ಮಾಡಿ ಕಳುಹಿಸಿದೆ. ಮತ್ತೆ ತಿರಸ್ಕೃತ.

"ಮೇಡಂ, ತಗೊಳ್ತಾ ಇಲ್ಲ! ನಮ್ಮಮ್ಮ ಅಲ್ಲಿದಾರೆ ಮೇಡಂ!"

"ಗೊತ್ತು. ಕೇಳಿಲ್ಲಿ. ಪೆಟ್ಟಿಗೆ ಹತ್ರ ಹಳೇ ಸ್ಕೀಮಾ ಇದೆ. ಮೊದ್ಲು ಹೊಸ್ದು ಕಳ್ಸು, ಆಮೇಲೆ ಸಂದೇಶ. 'ವಿವರ'ದಲ್ಲಿ ಬರಿ: ಎಷ್ಟು ಅಂತ ಗೊತ್ತಿಲ್ಲ, ಗೇಟು ದಾಟಬೇಡಿ."

ಅತ್ತ ನರ್ಸ್, "ಅಮ್ಮಾ, ಫೋನ್ ಇಡಿ, ಬಿಪಿ ಬೀಳ್ತಾ ಇದೆ" ಎನ್ನುವುದು ಕೇಳಿಸಿತು. "ಬೀಳ್ಲಿ ಬಿಡೇ, ಆಮೇಲೆ ಎತ್ತುವಾ" ಎಂದರು ಮೇಡಂ.

ಸಂದೇಶ ಹೋಯಿತು.

ಮುಂದಿನದನ್ನು ನನ್ನ ತಾಯಿ ಹೇಳಿದ್ದಾರೆ. ಹೆಂಗಸರು ಗೇಟಿನ ಹತ್ತಿರ ಬರುವಾಗ ಪೆಟ್ಟಿಗೆ ಕೂಗಿತು. ಎಲ್ಲರೂ ಅಲ್ಲೇ ನಿಂತರು. ಸ್ವಲ್ಪ ಹೊತ್ತಿನಲ್ಲಿ ಒಂದು ಆನೆ ರಸ್ತೆ ದಾಟಿ ಕೆಳಗಿಳಿಯಿತು. ರೈಟರು, "ಹೋಯ್ತಲ್ಲ, ಇನ್ನೆಂತ, ಹೊರಡಿ ಹೊರಡಿ" ಎಂದರಂತೆ. "ಎಷ್ಟು ಅಂತ ಗೊತ್ತಿಲ್ಲ ಅಂತ ಪೆಟ್ಟಿಗೆ ಬಡ್ಕೊಳ್ತಾ ಇದೆ. ನಿಮ್ಗೆ ಗೊತ್ತಿದ್ರೆ ನೀವು ಮುಂದೆ ಹೋಗಿ ರೈಟ್ರೇ, ಹಿಂದೆ ನಾವು ಬರ್ತೀವಿ" ಎಂದು ನನ್ನ ತಾಯಿ ಉತ್ತರಿಸಿದರಂತೆ. ರೈಟರು ಹೋಗಲಿಲ್ಲ. ಅನಂತರ ಮರಿ ಸಮೇತ ಇನ್ನೊಂದು ಆನೆ ಅದೇ ಜಾಗದಲ್ಲಿ ಬಂದು ನಿಂತಿತು.

ಆದರೆ ಮಗುವಿಗೆ ಜ್ವರವೆಂದು ಒಬ್ಬಾಕೆ ಅಂದು ಉಳಿದವರಿಗಿಂತ ಮೊದಲೇ ಗೇಟು ದಾಟಿದ್ದರು. ನಾನು ಮೊದಲ ಸಲ ಕಳುಹಿಸಿದ ಸಂದೇಶವನ್ನು ಪೆಟ್ಟಿಗೆ ಸ್ವೀಕರಿಸಿದ್ದರೆ ಅವರು ಗೇಟಿನ ಒಳಗೇ ಇರುತ್ತಿದ್ದರೇ ಎಂಬುದು ಯಾರಿಗೂ ತಿಳಿಯದು. ಅವರು ಆನೆಗೆ ಸಿಕ್ಕಿ ರಸ್ತೆಯಲ್ಲೇ ತೀರಿಕೊಂಡರು.

ಮರುದಿನ ಮೇಡಂ ನನ್ನನ್ನು ಕರೆದುಕೊಂಡು ಆ ಮನೆಗೆ ಹೋದರು. ಜಗಲಿಯ ಮೇಲೆ ಕುಳಿತರು. ಪಕ್ಕದ ಮನೆಯವರು ತಂದ ಕಾಫಿಯನ್ನು ತೀರಿಕೊಂಡಾಕೆಯ ಗಂಡ ಲೋಟ ತುಂಬ ಹೊಯ್ದು, "ಕುಡೀರಿ ಅಮ್ಮ, ದೂರದಿಂದ ಬಂದಿದೀರಿ" ಎಂದು ಕೊಟ್ಟರು. ಮೇಡಂ ಆ ಲೋಟವನ್ನು ಪೂರ್ತಿ ಕುಡಿದರು. ಹಿಂದಿರುಗುವಾಗ ಬಸ್ಸಿನಲ್ಲಿ ಅವರಿಗೆ ಏದುಸಿರು ಬರುತ್ತಿತ್ತು. ನಾನು ಗಾಬರಿಯಾಗಿ, ಅಷ್ಟು ಕುಡಿಯಬಾರದಿತ್ತು ಎಂದೆ.

"ಆ ಮನೇಲಿ ಕೂತು ಅರ್ಧ ಲೋಟ ಸಾಕು ಅನ್ನಕ್ಕೆ ನಂಗೆ ಬಾಯಿ ಬರ್ಲಿಲ್ಲ" ಎಂದರು. ಕಿಟಕಿಯ ಕಡೆ ತಿರುಗಿ, "ಕಡ್ಡಾಯ ಅಂತ ಮಾಡಿದ್ದು ನನ್ನ ಕೈ" ಎಂದರು. ನಿಮ್ಮ ತಪ್ಪಲ್ಲ ಎಂದು ನಾನು ಎಷ್ಟು ಹೇಳಿದರೂ ಅವರು ಕಿಟಕಿಯ ಕಡೆಯಿಂದ ಮುಖ ತಿರುಗಿಸಲಿಲ್ಲ.

ಅಂದಿನಿಂದ ಅವರು ಸ್ಕೀಮಾದ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಇದು ಗೊತ್ತಿಲ್ಲದವರು ಎಂತ ಮಾಡ್ಬೇಕು?" ಉತ್ತರ ಸಿಗದ ಕಡೆ ಕಡ್ಡಾಯವನ್ನು ತೆಗೆದರು. 'ಆನೆ'ಗೆ 'ತಿಳಿದ ಬಗೆ' ಎಂಬ ಹೊಸ ಆಟ್ರಿಬ್ಯೂಟ್ ಸೇರಿಸಿ, 'ಕಂಡು' ಅಥವಾ 'ಕೇಳಿ' ಎಂಬ ಎರಡೇ ಆಯ್ಕೆ ಕೊಟ್ಟರು. ಕೊನೆಗೆ ಕಡ್ಡಾಯವಾಗಿ ಉಳಿದದ್ದು 'ಸ್ಥಳ' ಮಾತ್ರ. "ಎಲ್ಲಿ ಅಂತ ಹೇಳ್ದೆ ಕೂಗಿದ್ರೆ ಬರೀ ಹೆದರಿಕೆ ಹಂಚಿದ ಹಾಗಾಗ್ತದೆ" ಎಂಬುದು ಅವರ ವಾದ. ಮುಂದಿನ ಮಳೆಗಾಲ ಮುಗಿಯುವ ಮೊದಲೇ, ಆಸ್ಪತ್ರೆಗೆ ಹೊರಡಲು ಸೀರೆ ಉಟ್ಟು ಕುಳಿತವರು ಕುರ್ಚಿಯಿಂದ ಏಳಲಿಲ್ಲ. ಕೇಂದ್ರದಲ್ಲಿ ಅವರ ಕುರ್ಚಿಯಲ್ಲಿ ಈಗ ನಾನು ಕುಳಿತುಕೊಳ್ಳುತ್ತಿದ್ದೇನೆ. ಅದಕ್ಕೆ ಅರ್ಹಳೆಂದು ನನಗೆ ಒಂದು ದಿನವೂ ಅನಿಸಿಲ್ಲ.

ಈಗ ಮೇಲಿನ ಕಚೇರಿಯಿಂದ ಹೊಸ ಸ್ಕೀಮಾ ಬಂದಿದೆ. ಅದರಲ್ಲಿ ಎಣಿಕೆ ಮತ್ತೆ ಕಡ್ಡಾಯವಾಗಿದೆ. 'ತಿಳಿದ ಬಗೆ' ಇಲ್ಲವೇ ಇಲ್ಲ. ನಾನು ಫೋನಿನಲ್ಲಿ ಆಕ್ಷೇಪಿಸಿದೆ. "ಡಾಟಾ ಪೂರ್ತಿ ಇರ್ಬೇಕಲ್ಲಮ್ಮಾ. ಗೊತ್ತಾಗ್ಲಿಲ್ಲ ಅಂದ್ರೆ ಒಂದು ಅಂತ ಹಾಕಿ, ಏನೀಗ?" ಎಂದರು ಅತ್ತಲಿನವರು. ಎರಡು ಸಲ ಮನವಿ ಬರೆದೆ, ಉತ್ತರವಿಲ್ಲ. ಬರುವ ಸೋಮವಾರ ಅವರ ಸಭೆಯಲ್ಲಿ ಒಪ್ಪಿಗೆಯಾಗಿ ಅದು ಜಾರಿಗೆ ಬರಲಿದೆ. ಕಾಫಿ ಕೊಯ್ಲು ಶುರುವಾಗಿದೆ. ನನ್ನ ತಾಯಿ ಇಂದೂ ಅದೇ ರಸ್ತೆಯಲ್ಲಿ ನಡೆದು ಹೋಗಿದ್ದಾರೆ. ಮೇಡಂ ಇದ್ದಿದ್ದರೆ ಏನು ಹೇಳುತ್ತಿದ್ದರೆಂದು ಯೋಚಿಸಿ ಯೋಚಿಸಿ ನನಗೆ ಅನ್ನ ಸೇರುತ್ತಿಲ್ಲ. ಅವರಷ್ಟು ಗಟ್ಟಿಯಾಗಿ ಮಾತನಾಡಲು ನನಗೆ ಬಾರದು. ಆದ್ದರಿಂದ ಈ ಬರಹವನ್ನೇ ಸಭೆಯ ಮುಂದೆ ಇಡಲು ನಿರ್ಧರಿಸಿದ್ದೇನೆ.

ಆ ಕಾರಣ ಓದುಗರಲ್ಲಿ ನನ್ನ ಕಳಕಳಿಯ ಪ್ರಾರ್ಥನೆ. ಇದರಲ್ಲಿ ಕಾಣುವ ಕಾಗುಣಿತದ, ವಾಕ್ಯದ ತಪ್ಪುಗಳನ್ನೆಲ್ಲ ಸೋಮವಾರದೊಳಗೆ ದಯವಿಟ್ಟು ತಿದ್ದಿಕೊಡಿ. ತಪ್ಪುಗಳ ನೆಪ ಹೇಳಿ ಇದನ್ನು ಪಕ್ಕಕ್ಕಿಡುವುದು ಮೇಲಿನ ಕಚೇರಿಯವರಿಗೆ ಸುಲಭವಾಗಬಾರದು.