ಎಡಗಡೆಯ ಜಾಗ

ಹೂವಿನ ಸಸಿ ಬೆಳೆಸಲೆಂದು ಕಳಸಾಪುರದ ನಮ್ಮ ಹಳೆಯ ದನದ ಮನೆಯನ್ನು ಸ್ವಚ್ಛ ಮಾಡಿ, ಕುಂಡಗಳಿಗೆ ಮಣ್ಣು ತುಂಬುತ್ತಿದ್ದೆ. ಬಾಗಿಲಲ್ಲಿ ನೆರಳಾಯಿತು. ಹೋದ ವರ್ಷ ಮಾರಿದ್ದ ನಮ್ಮ ಎತ್ತು ಹಗ್ಗ ಹರಿದುಕೊಂಡು ಬಂದಿತ್ತು. ಸಸಿಗಳಿಗೆ ಬಾಯಿ ಹಾಕಲಿಲ್ಲ. ಸೀದಾ ಹೋಗಿ ಮೇವಿನ ಗೋದಲಿಯ ಬಲಕ್ಕೆ ನಿಂತಿತು. ಎಡಗಡೆ, ಸತ್ತುಹೋದ ಜೋಡಿ ಎತ್ತಿನ ಜಾಗವನ್ನು ಹಾಗೇ ಬಿಟ್ಟಿತ್ತು.

ಅದನ್ನು ಕೊಂಡಿದ್ದ ಹುಸೇನಸಾಬ ಏದುಸಿರು ಬಿಡುತ್ತ ಹಿಂದೆಯೇ ಬಂದ.

"ನಮ್ಮ ಮನ್ಯಾಗೂ ಹಿಂಗ ನಿಂದರತೈತ್ರಿ ಕಾಕಾ. ಎಷ್ಟ ಸರಿಸಿದ್ರೂ ನಡುವ ಬರಂಗಿಲ್ಲ."

"ಯಾಕ ಸರಸ್ತಿಯೋ, ನಿಂದರ್ಲಿ ಬಿಡು," ಅಂದೆ.

ಅವರಿಬ್ಬರೂ ಹೋದ ಮೇಲೆ ಆ ಎಡಗಡೆ ಕುಂಡ ಇಡಲು ಕೈ ಬರಲಿಲ್ಲ. ಹೆಂಡತಿ ತೀರಿಕೊಂಡಾಗಿನಿಂದ ನಾನೂ ಹಾಸಿಗೆಯ ಒಂದು ಬದಿಗೇ ಮಲಗುತ್ತೇನೆ, ನಡುವೆ ಬಂದಿಲ್ಲ.